ದೋಣಿಯ ಎದುರು ಬದಿ

ಆ ಬೆಳಿಗ್ಗೆ ವನಜಾಗೆ ಜೋಡಿ ಇರಲಿಲ್ಲ.

ತೊಳೆಯುವ ಮೊದಲು ದೋಣಿಯನ್ನು ಕೆರೆಯ ದಡದಲ್ಲಿ ಮಗುಚಬೇಕು. ಅದಕ್ಕೆ ಇಬ್ಬರು ಬೇಕು. ಎರಡು ವರ್ಷದಿಂದ ವನಜಾಳ ಎದುರು ಬದಿ ಹಿಡಿಯುತ್ತಿದ್ದವನು ಮುತ್ತುರಾಜು. ಇವತ್ತು ಅವನ ಎದುರು ಹೊಸಬಳೊಬ್ಬಳು ನಿಂತಿದ್ದಳು.

"ಬೆನ್ನು ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ," ಅವನು ಹೇಳಿಕೊಡುತ್ತಿದ್ದ.

ವನಜಾಗೆ ಅವನು ಯಾವತ್ತೂ ಇಷ್ಟು ಮೆತ್ತಗೆ ಹೇಳಿರಲಿಲ್ಲ.

"ಯಾರವ್ಳು?" ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಕರಿಬಸಮ್ಮನನ್ನು ಕೇಳಿದಳು.

"ಶ್ರೀಲತಾ ಅಂತೆ, ಹುಲಿಕುಂಟೆಯೋಳು. ಮುತ್ತುರಾಜೇ ಕರ್ಕಂಬಂದವ್ನೆ." ಕರಿಬಸಮ್ಮ ನಕ್ಕಳು. "ಇನ್ಮೇಲೆ ನನ್ ಜೊತೆ ಎತ್ತು ಕಣಮ್ಮ. ನಂಗೆ ಸೊಂಟ ಇಲ್ಲ, ನಿಂಗೆ ಜೋಡಿ ಇಲ್ಲ."

ವನಜಾ ನಗಲಿಲ್ಲ.

ಆ ಕೆರೆಯ ನೀರನ್ನು ಊರು ಕುಡಿಯುತ್ತದೆ. ಹಾಗಾಗಿ ಮೀನುಗಾರರ ಸಂಘದ ದೋಣಿಗಳಿಗೆ ಸೋಪು ಸೋಕಿಸುವಂತಿಲ್ಲ. ತೆಂಗಿನ ನಾರು, ಹುಣಸೆ ರಸ, ರಟ್ಟೆಯ ಬಲ, ಅಷ್ಟೆ. ಉಜ್ಜಿದ ಪಾಚಿ ನೀರು ಪಕ್ಕದ ಸಿಮೆಂಟ್ ತೊಟ್ಟಿಗೆ ಹರಿಯುತ್ತದೆ. ಅಲ್ಲಿ ಸಾಕಿರುವ ಮರಿಮೀನುಗಳಿಗೆ ಪಾಚಿಯೇ ಊಟ.

ವಾರವಿಡೀ ವನಜಾ ನೋಡಿದಳು. ಶ್ರೀಲತಾಳ ಅಂಗೈ ಬೊಬ್ಬೆಗೆ ಮುತ್ತುರಾಜು ಬಟ್ಟೆ ಹುಡುಕಿಕೊಟ್ಟ. ತನ್ನ ಟೀ ಅವಳಿಗೆ ಬಗ್ಗಿಸಿಕೊಟ್ಟ. ನನ್ನ ಕೈಗೂ ಬೊಬ್ಬೆ ಬಂದಿತ್ತಲ್ಲ... ಆಗ ಎಲ್ಲಿತ್ತು ಈ ಬಟ್ಟೆ?

"ಹೊಸ ಶಿಷ್ಯೆ ಚೆನ್ನಾಗಿ ಕಲೀತಾವ್ಳಾ?" ಒಂದು ಸಂಜೆ ಕೇಳಿಯೇಬಿಟ್ಟಳು.

"ಬೇಗ ಕಲೀಬೇಕು ಅವ್ರು."

"ಯಾಕಪ್ಪ ಅಷ್ಟು ಅರ್ಜೆಂಟು?"

"ಐತೆ ಬುಡು... ಆಮೇಲೆ ಹೇಳ್ತೀನಿ."

ಆಮೇಲೆ ಅಂದರೆ ಲಗ್ನಪತ್ರಿಕೆ ಕೊಡುವಾಗಲೇನೋ!

ಮಾರನೆಯ ದಿನ ಅವಳು ಸೆರಗಿನಲ್ಲಿ ಬಟ್ಟೆ ಸೋಪಿನ ಪುಡಿ ತಂದು ಶ್ರೀಲತಾಳ ಹುಣಸೆ ನೀರಿನ ಬಕೆಟ್ಟಿಗೆ ಸುರಿದಳು. ನೊರೆ ಏಳಬೇಕು, ಸೆಕ್ರೆಟರಿ ನೋಡಬೇಕು, ಅವಳು ತೊಲಗಬೇಕು. ಅಷ್ಟೇ ವನಜಾಳ ಲೆಕ್ಕ. ತೊಟ್ಟಿ ನೆನಪಿಗೇ ಬರಲಿಲ್ಲ.

ನೊರೆ ಎದ್ದಿತು. ಸೆಕ್ರೆಟರಿ ನಂದೀಶ್ವರಯ್ಯ ಓಡಿ ಬಂದರು.

"ಸೋಪು ಹಾಕಿದ್ದೀಯೇನಮ್ಮ?"

"ನಾನು ಹಾಕ್ಲಿಲ್ಲ ಸಾರ್," ಎಂದಳು ಶ್ರೀಲತಾ.

"ನಿನ್ನ ಬಕೆಟ್ಟು, ನಿನ್ನ ದೋಣಿ. ನಾಳೆಯಿಂದ ಬರಬೇಡ."

ಅಷ್ಟರಲ್ಲಿ ಕರಿಬಸಮ್ಮ ತೊಟ್ಟಿಯ ಕಡೆ ಕೈ ತೋರಿಸಿದಳು. ಮರಿಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಮುತ್ತುರಾಜು ತೊಟ್ಟಿಯ ಪಕ್ಕ ತಲೆ ತಗ್ಗಿಸಿ ಕೂತ. ವನಜಾ ಹತ್ತಿರ ಹೋಗಿ ಕೂತಳು.

"ಅವ್ಳು ಹೋಗ್ತಾಳೆ ಅಂತ ಇಷ್ಟು ಸಂಕಟವಾ?"

"ಆಗ್ದೇ ಏನು? ಸಂಘದಾಗೆ ಮನೆಗೊಂದೇ ಕೆಲಸ ಕಣೆ. ನಾವು ಮದುವೆ ಆದ್ರೆ ಒಬ್ರು ಬಿಡಬೇಕು. ನಿಂಗೆ ಈ ಕೆಲಸ ಅಂದ್ರೆ ಪ್ರಾಣ. ನಾನು ಬಿಟ್ಟು ಸಿರಾದ ಗ್ಯಾರೇಜಿಗೆ ಹೋಗನ ಅಂತಿದ್ದೆ. ನನ್ ಜಾಗಕ್ಕೆ ಯಾರನ್ನಾದ್ರೂ ತಯಾರು ಮಾಡು ಅಂದಿದ್ರು ಸೆಕ್ರೆಟ್ರಿ."

"ನನ್ನ ಕೇಳ್ದೇನೇ?"

"ಎಲ್ಲ ಸರಿ ಮಾಡ್ಕಂಡು ಕೇಳನ ಅಂತ..."

ಸುಮ್ಮನಿದ್ದರೆ ಅವನೂ ಸಿಗುತ್ತಾನೆ, ಕೆಲಸವೂ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅತ್ತ ಶ್ರೀಲತಾ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು, ಮುಚ್ಚಳ ತೆಗೆಯದ ಡಬ್ಬಿ.

ವನಜಾ ಎದ್ದು ನಂದೀಶ್ವರಯ್ಯನವರ ಮುಂದೆ ನಿಂತಳು.

"ಸಾರ್, ಪುಡಿ ಹಾಕಿದ್ದು ನಾನು."

"ಯಾಕಮ್ಮ?"

"ಹೊಟ್ಟೆಕಿಚ್ಚು ಸಾರ್."

ಅವರು ತೊಟ್ಟಿಯ ಕಡೆ ನೋಡಿದರು. ಆಮೇಲೆ ಹೋಗಬೇಕಾದವಳು ವನಜಾ ಎಂದರು.

ಶ್ರೀಲತಾ ಚೀಲ ಕೆಳಗಿಟ್ಟಳು. "ನನ್ನ ಕೇಳಿದ್ರೆ ಹೇಳ್ತಿದ್ನಲ್ಲಕ್ಕ. ದೋಣಿ ಎತ್ತುವಾಗೆಲ್ಲ ಅವ್ರು ನಿಮ್ ಮಾತೇ ಆಡ್ತಿದ್ರು."

ಸಂಜೆ ಎಲ್ಲರೂ ಹೋದ ಮೇಲೆ ವನಜಾ ತೊಟ್ಟಿಗಿಳಿದು ಸತ್ತ ಮರಿಗಳನ್ನು ಹೆಕ್ಕತೊಡಗಿದಳು. ಮುತ್ತುರಾಜು ಬಿದಿರಿನ ಮಂಕರಿ ಹಿಡಿದು ಬಂದ.

"ಇನ್ನು ನಾನು ಕೆಲಸ ಬಿಡೋ ಹಂಗಿಲ್ಲ," ಎಂದ.

"ಊಂ."

"ಮದುವೆ ಆಗ್ತೀಯ?"

"ಇಂಥೋಳ್ನ ಆಗ್ತೀಯ ನೀನು?"

"ಆಯ್ತೀನಿ. ಕೋಪ ಐತೆ. ಸುಮಾರು ದಿನ ಇರ್ತದೆ."

"ಇರ್ಲಿ," ಎಂದಳು ವನಜಾ. "ಜೊತೇಲಿರು, ಸಾಕು."

ಅವನು ಮಂಕರಿಯನ್ನು ಅವಳ ಹತ್ತಿರಕ್ಕೆ ಸರಿಸಿದ. ಇಬ್ಬರೂ ಎಣಿಸುತ್ತಾ ತುಂಬಿದರು.

ಸತ್ತ ಮರಿಮೀನು ಇನ್ನೂರ ಹದಿನಾಲ್ಕು. ಹೋದ ಕೆಲಸ ಒಂದು.