ನೂರ ಹನ್ನೆರಡನೇ ರೋಲರ್

ಮಂಗಳವಾರ ಬೆಳಿಗ್ಗೆ 9.40ಕ್ಕೆ ತಾವರೆಕೆರೆ ಬಳಿಯ ಗಣಿಯ ಮ್ಯಾನೇಜರ್ ನವೀನ್‌ಕುಮಾರ್ ಮತ್ತೆ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಅನುಪಮಾಗೆ ತಲೆ ಚಿಟ್ಟು ಹಿಡಿಯಿತು. ಹದಿನೈದು ದಿನದಲ್ಲಿ ಮೂರನೇ ದೂರು, ಮೂರನೇ ಎಫ್‌ಐಆರ್. ಕಳುವಾದದ್ದು ಏನೂ ಇಲ್ಲ. ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ಉದ್ದಕ್ಕೂ ಎಳೆದಿದ್ದ ಆಪ್ಟಿಕಲ್ ಫೈಬರ್ ಕೇಬಲನ್ನು ಯಾರೋ ಕೊಯ್ದು ಅಲ್ಲೇ ಬಿಟ್ಟಿದ್ದರು.

"ತಾಮ್ರ ಇಲ್ವೇ ಇಲ್ಲ, ಬರೀ ಗಾಜಿನ ಎಳೆ. ಗುಜರಿಯವನೂ ಮೂಸಿ ನೋಡಲ್ಲ ಮೇಡಂ" ಎಂದ ಕಾನ್‌ಸ್ಟೆಬಲ್ ಕದರಪ್ಪ. ಇದನ್ನೂ ಅವನು ಮೂರನೇ ಸಲ ಹೇಳುತ್ತಿದ್ದ.

11.15ಕ್ಕೆ ಸ್ಥಳ ಪಂಚನಾಮೆ. ಹಿಂದಿನ ಎರಡನ್ನೂ ಬಿಚ್ಚಿ ನೋಡಿದ ಅನುಪಮಾಗೆ ತನ್ನ ಮೇಲೇ ಸಿಟ್ಟು ಬಂತು. ಮೂರು ಸಲವೂ ಕೊಯ್ದದ್ದು ಬೆಲ್ಟಿನಡಿ ಉರುಳುವ ರೋಲರ್‌ಗಳಲ್ಲಿ 112ನೆಯದರ ಪಕ್ಕದಲ್ಲೇ.

"ಈ ಕೇಬಲ್ ಏನು ಮಾಡುತ್ತೆ?" ಮ್ಯಾನೇಜರನನ್ನು ಕೇಳಿದಳು.

"ರೋಲರ್‌ಗಳ ಸದ್ದು, ಬಿಸಿ ಅಳೆಯುತ್ತೆ. ಕೆಟ್ಟರೆ ಕಂಪ್ಯೂಟರಿಗೆ ತಿಳಿಸುತ್ತೆ."

"ಕೊಯ್ದರೆ?"

"ಬೆಲ್ಟ್ ತಾನೇ ನಿಲ್ಲುತ್ತೆ."

"112ರ ಬಗ್ಗೆ ಏನು ತಿಳಿಸಿತ್ತು?"

ನವೀನ್‌ಕುಮಾರ್ ಕಂಪ್ಯೂಟರಿನತ್ತ ಕೈ ತೋರಿದ. ಪರದೆಯ ಮೇಲೆ ಎಲ್ಲ ಇತ್ತು. ಇಪ್ಪತ್ತು ದಿನಗಳಿಂದ ದಿನಾ ಎಚ್ಚರಿಕೆ ಬಂದಿತ್ತು, ದಿನಾ ಅವನೇ 'ನೋಡಲಾಗಿದೆ' ಎಂದು ಒತ್ತಿದ್ದ.

ಕಂಪ್ಯೂಟರ್ ಇಲ್ಲದೆಯೂ ರೋಲರ್ ಕೆಟ್ಟಿದ್ದು ತಿಳಿಯಬಲ್ಲವನು ಅಲ್ಲಿ ಒಬ್ಬನೇ, ಬೆಲ್ಟ್ ಕಾಯುವ ದೊಡ್ಡರಂಗಯ್ಯ. ರೋಲರಿನ ಚೌಕಟ್ಟಿಗೆ ದೊಣ್ಣೆ ಆನಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಸದ್ದು ಕೇಳುವುದು ಅವನ ಪದ್ಧತಿ. ಅನುಪಮಾ ವಿಚಾರಿಸಿದ ಕೂಡಲೇ ಸೊಂಟದಿಂದ ಚಾಕು ತೆಗೆದು ಕೊಟ್ಟ.

"ಮ್ಯಾನೇಜರಿಗೆ ಹೇಳಬಾರದಿತ್ತಾ?"

"ಹೇಳ್ದೆ ಕಣಮ್ಮ. ಕಂಪ್ಯೂಟರ್ ನೋಡ್ಕೊಂತೈತೆ, ಸುಮ್ಕಿರು ಅಂದ್ಬುಟ್ರು. ಅದೂ ಹೇಳ್ತಂತೆ. ಅದ್ರ ಮಾತೂ ಕೇಳ್ಲಿಲ್ಲ."

"ಅದಕ್ಕೆ ಮೂರು ಸಲ ಕೊಯ್ಯೋದಾ?"

"ಕೇಬಲ್ ಬೆಸೆದ್ರೇ ಹೊರ್ತು ರೋಲರ್ ಬದಲಾಯಿಸ್ಲಿಲ್ಲ. ಅದು ಮುರಿದು ಬೆಲ್ಟ್ ಸೀಳಿದ್ರೆ ಕಲ್ಲೆಲ್ಲ ಕೆಳಕ್ಕೇ. ಕೆಳಗೆ ಬಸವಮ್ಮ ಗುಡಿಸ್ತಾಳೆ."

"ಅವಳು ನಿಮಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ. ಅವಳ್ದು ಗೌಡಗೆರೆ, ನಂದು ಮಿಡಿಗೇಶಿ."

ಮಧ್ಯಾಹ್ನ 2.30ಕ್ಕೆ ಠಾಣೆಯಲ್ಲಿ ಬಂಧನ ದಾಖಲಾಯಿತು. ಆಗಲೇ ನವೀನ್‌ಕುಮಾರ್ ಫೋನು. ಆರೋಪಿ ಸಿಕ್ಕನಲ್ಲ, ನಾಳೆ ಬೆಲ್ಟ್ ಶುರು ಮಾಡುತ್ತೇವೆ ಎಂದ.

"ರೋಲರ್?"

"ಮುಂದಿನ ತಿಂಗಳು ಮೇಡಂ."

ಅನುಪಮಾ ರೋಸಿಹೋಗಿ ಫೋನು ಕುಕ್ಕಿದಳು. ಬಂಧನ ಪತ್ರದಲ್ಲಿ ಒಂದು ಅಂಕಣ ಉಳಿದಿತ್ತು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಹೆಂಡತಿಗಾ, ಮಗನಿಗಾ?"

ದೊಡ್ಡರಂಗಯ್ಯ ಅಡ್ಡಡ್ಡ ತಲೆಯಾಡಿಸಿದ.

"ಬಸವಮ್ಮಂಗೆ ತಿಳ್ಸಿ. ನಾಳಿಂದ ನಾನಿರಲ್ಲ, ಅಲ್ಲಿ ಗುಡಿಸಾಕೆ ಹೋಗ್ಬೇಡ ಅನ್ನಿ."

ಅನುಪಮಾ ಹಾಗೆಯೇ ಬರೆದುಕೊಂಡಳು. ನಂತರ ಗೌಡಗೆರೆಗೆ ಜೀಪು ತೆಗೆಯಲು ಕದರಪ್ಪನಿಗೆ ಹೇಳಿದಳು.