ಗೌತಮಿಗೊಂದು ಕೆಲಸ ಕೊಡಿ

“ಏಳಬ್ಯಾಡ್ರಿ, ನೀರು ನಾನೇ ತಂದೀನಿ.”

ಅರ್ಧ ಎದ್ದಿದ್ದ ಗೌತಮಿ ಅಲ್ಲೇ ನಿಂತಳು. ಗ್ಲಾಸು ಹಿಡಿದ ಪ್ರಬುದ್ಧನ ಕಣ್ಣು ನೀರಿನ ಮೇಲಿರಲಿಲ್ಲ, ಅವಳ ಮೇಲಿತ್ತು. ಗ್ಲಾಸು ವಾಲಿತು. ಅವಳ ಹೊಸ ದುಪಟ್ಟಾದ ತುದಿ ತೊಯ್ದಿತು.

“ತಪ್ಪಾತ್ರಿ…”

“ಇರ್ಲಿ ಬಿಡ್ರಿ. ಬ್ಯಾಸಗಿ ಅದ, ಆರ್ತದ.”

ಕಲಬುರಗಿಯ ಜಗತ್ ವೃತ್ತದ ಹತ್ತಿರದ ಆ ಆಫೀಸಿನಲ್ಲಿ ಅದು ಅವಳ ಮೊದಲ ದಿನ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ದೂರದ ಊರುಗಳಿಗೆ ಕಳಿಸುವ ಕಂಪನಿ. ಹೊಸಬರು ಸೇರಿದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದರಿಂದ, ಈ ಸಲ ಬಂದವರನ್ನು ಚೆನ್ನಾಗಿ ನೋಡಿಕೊಳ್ಳುವ ಹೊಣೆಯನ್ನು ಮ್ಯಾನೇಜರ್ ಸುನಂದಾ ಅವರು ಪ್ರಬುದ್ಧನಿಗೆ ವಹಿಸಿದ್ದರು. ಚೆನ್ನಾಗಿ ಎಂದರೇನೆಂದು ಬಿಡಿಸಿ ಹೇಳಿರಲಿಲ್ಲ. ಪ್ರಬುದ್ಧ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ನೋಡಿಕೊಂಡ: ಮನೆಗೆ ಬೀಗರು ಬಂದ ಹಾಗೆ.

ಫ್ಯಾನಿನ ಕೆಳಗಿನ ಕುರ್ಚಿ. ಕೇಳುವ ಮೊದಲೇ ಚಹಾ. ಮಧ್ಯಾಹ್ನ ಮೋಮಿನಪುರದಿಂದ ತರಿಸಿದ ಬಿಸಿ ತಹರಿ ಅನ್ನ.

ಕೆಲಸ ಮಾತ್ರ ಇಲ್ಲ.

“ನಂಗೇನಾದ್ರೂ ಕೆಲಸ ಹೇಳ್ರಿ,” ಎಂದಳು ಗೌತಮಿ.

“ಅವಸರ ಏನದ? ಹೊಸಬರಿದ್ದೀರಿ. ಆರಾಮ ಕೂಡ್ರಿ.”

ಆರಾಮವಂತೆ! ಮೇಜಿನ ಕೆಳಗೆ ಅವಳ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಮಾಡಿದ ಕೆಲಸ ನೋಡಿ ತಿಂಗಳ ಕೊನೆಗೆ ಕಾಯಂ ಮಾಡುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಅವಳು ತೋರಿಸುವುದಾದರೂ ಏನನ್ನು? ಬಾಳೆಹಣ್ಣಿನ ಕಂಪನಿಯಲ್ಲಿ ಅವಳು ಇಲ್ಲಿಯವರೆಗೆ ಮಾಡಿದ್ದೆಂದರೆ ಬಾಳೆಹಣ್ಣು ತಿಂದದ್ದು.

ಇನ್ನೂ ಕೆಟ್ಟ ಸಂಗತಿ ಬೇರೆಯೇ ಇತ್ತು. ಪ್ರಬುದ್ಧ ರಜೆ ಹಾಕಿದ ದಿನ ಚಹಾ ಸಪ್ಪಗಿತ್ತು. ‘ಸಕ್ಕರಿ ಕಡಿಮಿ ಆಗಿರಬೇಕು’ ಅಂದುಕೊಂಡಳು.

ಸಕ್ಕರೆ ಸರಿಯಾಗಿಯೇ ಇತ್ತು.

ಒಂದು ಮಧ್ಯಾಹ್ನ ಸುನಂದಾರ ಕೋಣೆಯ ಬಾಗಿಲು ಅರೆ ತೆರೆದಿತ್ತು.

“ಗೌತಮಿನ್ನ ಕಮಲಾಪುರಕ್ಕ ಯಾವಾಗ ಕಳಿಸ್ತೀಯಪ್ಪ? ಆಕಿನ್ನ ತಗೊಂಡಿದ್ದೇ ಅಲ್ಲಿ ಹಣ್ಣು ನೋಡಾಕ.”

“ಈಗ ಬ್ಯಾಡ್ರಿ ಮೇಡಂ,” ಪ್ರಬುದ್ಧನ ದನಿ. “ಆಕಿ ಇಲ್ಲೇ ಇರ್ಲಿ.”

ಹೊರಗೆ ನಿಂತಿದ್ದ ಗೌತಮಿ ಬಾಗಿಲಿನಿಂದ ಹಿಂದೆ ಸರಿದಳು. ‘ಅಂದ್ರ ನಾ ಕೆಲಸಕ್ಕ ಬಾರದಾಕಿ… ಚಹಾ ಕುಡಿಸಿ ಸುಮ್ಮನ ಕೂಡಿಸ್ಯಾನ!’

ಮರುದಿನ ಬೆಳಿಗ್ಗೆ ಅವಳು ತನ್ನೂರು ಮಹಾಗಾಂವದಲ್ಲಿ ಕಲಬುರಗಿ ಬಸ್ಸನ್ನು ಬಿಟ್ಟು, ಕಮಲಾಪುರದ ಬಸ್ಸು ಹತ್ತಿದಳು. ಯಾರಿಗೂ ಹೇಳಲಿಲ್ಲ.

ಅಲ್ಲಿ ಹಣ್ಣು ಪ್ಯಾಕು ಮಾಡುವ ಶೆಡ್ಡನ್ನು ನೋಡಿಕೊಳ್ಳುವಾಕೆ ಸಾವಿತ್ರಿಬಾಯಿ.

“ಹೊಸಬಳೇನವ್ವ? ಹಂಗಾರ ಆ ಚೂರಿ ತಗೋ. ಗೊನಿಯಿಂದ ಚಿಪ್ಪು ಬಿಡಸು.”

ಇಷ್ಟು ದಿನಗಳಲ್ಲಿ ಇಷ್ಟು ಒಳ್ಳೆಯ ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈ ತುಂಬ ಬಾಳೆಯ ಕರೆ, ಬೆನ್ನು ತುಂಬ ನೋವು. ಕಾಲು ಅಲುಗುವುದು ನಿಂತಿತ್ತು.

ಆಗಲೇ ಬೈಕು ಬಂತು. ಪ್ರಬುದ್ಧನ ಹುಬ್ಬಿನವರೆಗೂ ಧೂಳು.

“ಹೇಳದ ಬಂದೀರಿ. ಎಲ್ಲೆಲ್ಲಿ ಹುಡುಕೀನಿ…”

“ಯಾಕ? ಚಹಾ ಆರಾಕತ್ತಿತ್ತೇನು?”

ಸಾವಿತ್ರಿಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತ ತಿರುಗಿದಳು. ಕಿವಿ ಮಾತ್ರ ಇತ್ತಲೇ ಇತ್ತು.

“ನಂಗ ಕೆಲಸ ಬರಂಗಿಲ್ಲಂತ ಮೇಡಂಗ ಹೇಳೀರಿ. ನಾ ಕೇಳೀನಿ.”

“ಹಂಗಂದಿಲ್ರಿ.”

“ಮತ್ತ ‘ಇಲ್ಲೇ ಇರ್ಲಿ’ ಅಂದ್ರ?”

ಪ್ರಬುದ್ಧ ನೆಲ ನೋಡಿದ. “ಇಲ್ಲಿಗೆ ಕಳಿಸಿದ್ರ ನೀವು ದಿನಾ ಇಲ್ಲೇ ಇರ್ತೀರಿ. ನನ್ನ ಮೇಜು ಅಲ್ಲಿ ಆಫೀಸಿನಾಗ ಅದ… ನಿಮ್ಮನ್ನ ನೋಡದಂಗ ದಿನ ಹ್ಯಾಂಗ ಕಳೀಬೇಕು, ತಿಳೀಲಿಲ್ರಿ.”

ಗೌತಮಿಯ ಕೈಯ ಚೂರಿ ನಿಂತಿತು. ಎದೆ ಹಾರಿತು… ಸಿಟ್ಟು ಮಾತ್ರ ಹಾರಲಿಲ್ಲ.

“ನಿಮಗ ನೋಡಾಕ ಬೇಕಂತ ನನ್ನ ನೌಕರಿ ಕಳೀತಿದ್ರೇನು?”

ಅವನು ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಇಟ್ಟು, ಸುನಂದಾರಿಗೆ ಹಚ್ಚಿದ.

“ಮೇಡಂ, ಗೌತಮಿಗೆ ಕೆಲಸ ಕೊಡಲಾರದ ಕೂಡಿಸಿದವ ನಾನು. ತಪ್ಪು ಆಕಿದಲ್ಲ. ಇವತ್ತಿಂದ ಕಮಲಾಪುರ ಆಕಿಗೇ ಕೊಡ್ರಿ. ಮುಂದ ಬರೋರಿಗೂ ಮೊದಲ ದಿನಾನೇ ಚೂರಿ ಕೊಡೋಣು.”

ಸಾವಿತ್ರಿಬಾಯಿ ಈಗ ಪೂರ್ತಿ ಇತ್ತ ತಿರುಗಿದಳು.

“ಆಕಿ ಅಲ್ಲೇ ಇರ್ಲಿ,” ಎಂದರು ಸುನಂದಾ. “ನೀ ವಾಪಸ್ ಬಾ. ನಿನ್ನ ಸಂಗಟ ಮಾತಾಡೋದದ.”

ಹಣೆಯ ಧೂಳು ಒರೆಸಿಕೊಂಡು ಅವನು ಬೈಕಿನತ್ತ ನಡೆದ. ದಿನಾ ತನ್ನನ್ನು ನೋಡುವುದನ್ನೇ ಅವನು ಬಿಟ್ಟುಕೊಟ್ಟನೆಂದು ಗೌತಮಿಗೆ ಗೊತ್ತಿತ್ತು.

“ಐತವಾರ ಇಲ್ಲಿ ಸೂಟಿ ಅಂತ,” ಎಂದಳು ಗೌತಮಿ, ಗೊನೆಯನ್ನೇ ನೋಡುತ್ತ.

“ಹೌದ್ರಿ.”

“ಮಹಾಗಾಂವಕ್ಕ ಬರ್ರಿ. ಅವ್ವನ ಮುಂದ ನಿಮ್ಮ ಹೆಸರು ಭಾಳ ಸಲ ಹೇಳೀನಿ. ಬೈದೇ ಹೇಳೀನಿ… ಆದ್ರೂ ಆಕಿಗೆ ತಿಳದದ.”

ಪ್ರಬುದ್ಧ ನಿಂತ. “ಬಂದು ಏನಂತ ಹೇಳ್ಲಿ?”

“ಈಗ ಅಂದ್ರಲ್ಲ, ಅದೇ. ನೆಲಕ್ಕಲ್ಲ, ನನಗ.”

ಅವನು ಈ ಸಲ ನೇರವಾಗಿ ಅವಳ ಕಣ್ಣು ನೋಡಿದ. “ಈಗೇ ಹೇಳ್ಲೇನು?”

“ಈಗ ಬ್ಯಾಡ.” ಅವಳು ಇನ್ನೊಂದು ಗೊನೆ ಎಳೆದುಕೊಂಡಳು. ನಗು ಮಾತ್ರ ಅವಳ ಮಾತು ಕೇಳಲಿಲ್ಲ. “ಕೆಲಸದಾಗಿದ್ದೀನಿ.”