ದರ್ಜಿ ಮಾವನ ರುಜು

“ಇದು ನನ್ನ ಗಂಡನ ರುಜು ಅಲ್ಲ... ಅಲ್ಲವೇ ಅಲ್ಲ! ಎಲ್ಲಿ ಬೇಕಾದ್ರೂ ಆಣೆ ಇಟ್ಟು ಹೇಳ್ತೀನಿ!” ಅತ್ತೆ ಉಯಿಲಿನ ನಕಲನ್ನು ವಕೀಲೆಯ ಮೇಜಿನ ಮೇಲೆ ಬಿಸಾಡಿದರು.

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಗಂಡನನ್ನು ಕಳೆದುಕೊಂಡು ಮೂರು ವರ್ಷ ಮಾವನ ಜೊತೆ ಹೊಲಿಗೆ ಯಂತ್ರ ತುಳಿದವಳು ಅವಳು. ಮಾವ ತೀರಿಕೊಳ್ಳುವ ಮುಂಚೆ ತಮ್ಮ ದರ್ಜಿ ಅಂಗಡಿಯನ್ನು ಅವಳಿಗೇ ಬರೆದಿದ್ದರು. ಅದು ಕಳ್ಳರುಜು ಎಂದು ಅತ್ತೆ ದೂರು ಕೊಟ್ಟಿದ್ದರು. ಸೋಮವಾರ ವಿಚಾರಣೆ, ಸೋತರೆ ಜೈಲು.

ಸೊಸೆಯ ಪರ ನಿಂತ ವಕೀಲೆಯ ತಲೆಯಲ್ಲಿ ಮಾತ್ರ ಒಂದು ಹುಳ ಕೊರೆಯುತ್ತಲೇ ಇತ್ತು. ಹಳೆಯ ಪತ್ರಗಳಲ್ಲೆಲ್ಲ ರುಜು ಸರಾಗ. ಉಯಿಲಿನಲ್ಲಿ ಒಂದೊಂದು ಅಕ್ಷರವೂ ತಡವರಿಸಿತ್ತು. ಕಳ್ಳರುಜು ಹಾಕುವವರು ಹಳೆಯದನ್ನು ನೋಡಿ ತಿದ್ದುವುದಿಲ್ಲವೇ? ಇದು ಒಂಚೂರೂ ಹೋಲುವುದಿಲ್ಲವಲ್ಲ!

ಅತ್ತೆ ಹೊರಟುಹೋದ ಮೇಲೆ ಸೊಸೆಯನ್ನು ಕೇಳಿದರು. “ನಿಜ ಹೇಳಮ್ಮ, ನೀನು ಹಾಕಿದ್ದಾ?”

“ಇಲ್ಲ ಮೇಡಂ. ಮಾವನೇ ಹಾಕಿದ್ದು.”

“ಮತ್ತೆ ಹೀಗ್ಯಾಕಿದೆ?”

“ಮಾವನಿಗೆ ಮಾತು ಕೊಟ್ಟಿದೀನಿ... ಹೇಳಕ್ಕಾಗಲ್ಲ.”

ಜೈಲು ಬಾಗಿಲಲ್ಲಿ ನಿಂತೂ ಮಾತು ಉಳಿಸಿಕೊಳ್ಳುವ ಇವಳ ಹಟಕ್ಕೆ ಏನೆನ್ನೋಣ! ವಕೀಲೆ ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರನ್ನೂ ಅಂಗಡಿಗೆ ಕರೆದೊಯ್ದು, ಮಾವನ ಕೈಬರಹ ನೋಡಲು ಅಳತೆ ಪುಸ್ತಕ ಎಲ್ಲಿ ಎಂದು ಕೇಳಿದರು.

ಪುಸ್ತಕವೇ ಇರಲಿಲ್ಲ. ಮೊಳೆಗಳ ತುಂಬ ಉದ್ದುದ್ದ ಕಾಗದದ ಪಟ್ಟಿಗಳು ನೇತಾಡುತ್ತಿದ್ದವು. ಒಂದೊಂದಕ್ಕೂ ಕತ್ತರಿಯಿಂದ ಹಾಕಿದ ಕಚ್ಚುಗಳು: ಮೊದಲನೆಯದು ಭುಜ, ಎರಡನೆಯದು ತೋಳು, ಮೂರನೆಯದು ಎದೆ. ಯಾರದೆಂದು ಗುರುತಿಗೆ ಅವರವರ ಬಟ್ಟೆಯದೇ ಚೂರು, ಗುಂಡುಪಿನ್ನಿನಲ್ಲಿ ಚುಚ್ಚಿತ್ತು. ನಲವತ್ತು ವರ್ಷದ ಅಂಗಡಿಯಲ್ಲಿ ಒಂದೇ ಒಂದು ಅಂಕಿ ಬರೆದಿರಲಿಲ್ಲ!

ವಕೀಲೆ ಮೆಲ್ಲಗೆ ಕೇಳಿದರು. “ಅಮ್ಮಾ, ಯಜಮಾನ್ರಿಗೆ ಬರೆಯೋಕೆ ಬರ್ತಿತ್ತಾ?”

ಅತ್ತೆ ಸ್ಟೂಲಿನ ಮೇಲೆ ಕುಸಿದರು. “ಇಲ್ಲ... ಹೆಬ್ಬೆಟ್ಟು ಒತ್ತೋಕೆ ನಾಚಿಕೆ ಅವರಿಗೆ. ಹಳೇ ಪತ್ರದಲ್ಲಿರೋದೆಲ್ಲ ನನ್ನ ಕೈಬರಹ. ಬರಹವೇ ಬಾರದೋರು ಹೇಗೆ ರುಜು ಹಾಕ್ತಾರೆ? ಅದಕ್ಕೇ ಇವಳ ಮೇಲೆ... ಆದ್ರೆ ಅದನ್ನ ಬಾಯಿಬಿಟ್ಟು ಹೇಳಿದ್ರೆ ಅವರ ಮರ್ಯಾದೆ ಏನಾಗಬೇಕಿತ್ತು!”

ಗುಟ್ಟು ಅವರ ಬಾಯಿಂದಲೇ ಹೊರಬಿದ್ದ ಮೇಲೆ ಸೊಸೆ ಬಗ್ಗಿ, ಮೇಜಿನಡಿಯಿಂದ ಒಂದು ಕಟ್ಟು ಎಳೆದಳು. ಬಟ್ಟೆ ಕತ್ತರಿಸಲು ಬಳಸುವ ಮಾದರಿ ಕಾಗದಗಳು. ಅವುಗಳ ಹಿಂಬದಿಗೆಲ್ಲ ಪೆನ್ಸಿಲಿನಲ್ಲಿ ಮಾವನ ಹೆಸರು, ಸೊಟ್ಟಗೆ, ತಲೆಕೆಳಗಾಗಿ, ಕೊನೆಕೊನೆಗೆ ನೆಟ್ಟಗೆ.

“ಒಂದು ವರ್ಷ ಕಲಿತ್ರು ಅತ್ತೆ. ‘ನಿಮ್ಮತ್ತೆಗೆ ಹೇಳ್ಬೇಡ. ಪಾಪ, ಅವಳ ಕೈಗೆ ನಾನೇ ರಜ ಕೊಡ್ತೀನಿ’ ಅಂದಿದ್ರು. ತೋರಿಸೋಷ್ಟರಲ್ಲಿ...”

ಅತ್ತೆ ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸಿದರು. ನಗುವೂ ಅಳುವೂ ಒಟ್ಟಿಗೇ ಬಂತು. “ಮಂಕು ಮುದುಕ! ನನ್ನ ಹತ್ರ ಕಲಿಯೋಕೆ ಏನಾಗಿತ್ತು...” ಕಣ್ಣೊರೆಸಿಕೊಂಡು ವಕೀಲೆಯ ಕಡೆ ತಿರುಗಿದರು. “ಕೋರ್ಟಲ್ಲಿ ಎಲ್ಲರೆದುರಿಗೇ ಹೇಳ್ತೀನಿ. ಹಳೇವೆಲ್ಲ ನಂದು, ಇದೊಂದೇ ಅವರದ್ದು.”

“ಹಾಗಂದ್ರೆ ಕಳ್ಳರುಜು ಹಾಕಿದ ತಪ್ಪು ನಿಮ್ಮ ಮೇಲೇ ಬರುತ್ತಮ್ಮ.”

“ಬರಲಿ ಬಿಡಿ,” ಎಂದ ಅತ್ತೆ ಸೊಸೆಯ ಕೈ ಹಿಡಿದುಕೊಂಡರು. “ಹಾಕಿದ್ದು ನಾನೇ ತಾನೇ.”